ಎರಡನೆಯ ದನಿ

ಆ ಕ್ರಿಸ್ಮಸ್ ಹಬ್ಬದಂದು ನನಗೆ ಒಂಬತ್ತು ವರ್ಷವೆಂದು ಬಹುಕಾಲ ನಂಬಿದ್ದೆ. ಇಳಕಲ್ಲಿನ ನಮ್ಮ ಕ್ರೈಸ್ತ ಸಭೆಯ ದೀಕ್ಷಾಸ್ನಾನದ ದಾಖಲೆಯನ್ನೂ, ಹಬ್ಬ ಆ ವರ್ಷ ಭಾನುವಾರವೇ ಬಂದಿತ್ತೆಂಬ ಅವ್ವನ ಮಾತನ್ನೂ ಹಳೆಯ ಪಂಚಾಂಗಗಳೊಡನೆ ಇಟ್ಟು ನೋಡಿದ ಮೇಲೆ, ನನಗಾಗ ಹನ್ನೆರಡು ತುಂಬಿತ್ತೆಂದು ಒಪ್ಪಿಕೊಳ್ಳಬೇಕಾಯಿತು. ಎಪ್ಪತ್ತರ ದಶಕದಲ್ಲಿ ಆ ಹಬ್ಬ ಭಾನುವಾರಕ್ಕೆ ಬಂದದ್ದು ಒಮ್ಮೆ ಮಾತ್ರ. ಮೂರು ವರ್ಷಗಳ ಈ ವ್ಯತ್ಯಾಸ ಓದುಗರಿಗೆ ಕ್ಷುಲ್ಲಕವೆನಿಸಬಹುದು, ನನಗೆ ಹಾಗಲ್ಲ. ಒಂಬತ್ತರ ಮಗುವಿಗೆ ಅರ್ಥವಾಗದಿದ್ದರೆ ಕ್ಷಮೆಯುಂಟು, ಹನ್ನೆರಡರ ಹುಡುಗಿಗೆ ಅರ್ಥವಾಗಬೇಕಿತ್ತು. ನೆನಪು ನನ್ನ ವಯಸ್ಸನ್ನು ಇಳಿಸಿ ನನ್ನನ್ನು ಕಾಪಾಡುತ್ತ ಬಂದಿದೆ. ಹಸ್ತಪ್ರತಿಗಳ ನಡುವೆ ಕಳೆದ ವೃತ್ತಿಜೀವನದಲ್ಲಿ ಬೇರೆಯವರ ನೆನಪುಗಳ ಬಗೆಗೆ ಇಂಥ ಸಂಶಯವನ್ನು ಎಷ್ಟೋ ಸಲ ವ್ಯಕ್ತಪಡಿಸಿದ್ದೇನೆ. ನನ್ನ ಮನೆಯ ಬಗೆಗೆ ಬರೆಯುವಾಗ ಅದೇ ಶಿಸ್ತನ್ನು ಕೈಬಿಡುವುದು ನ್ಯಾಯವಲ್ಲ.

ನಮ್ಮದು ಮೂರು ಅಂಕಣದ ಮನೆ. ಬೀದಿಗೆ ತೆರೆಯುವ ಮೊದಲನೆಯದರಲ್ಲಿ ಕುಣಿಮಗ್ಗ, ನಡುವೆ ಪಡಸಾಲೆ, ಹಿಂದೆ ಅಡುಗೆಮನೆ. ನೆಲದಲ್ಲಿ ತೋಡಿದ ಕುಣಿಯೊಳಗೆ ಕಾಲು ಇಳಿಬಿಟ್ಟು ಕುಳಿತು ಅಪ್ಪ ವಾರದ ಐದೂವರೆ ದಿನ ಸೀರೆ ನೇಯುತ್ತಿದ್ದ. ಶನಿವಾರ ಮಧ್ಯಾಹ್ನ ಲಾಳಿಯನ್ನು ಎತ್ತಿಟ್ಟು, ಕೈ ತೊಳೆದು, ಬಿಳಿಯ ಅಂಗಿ ತೊಟ್ಟುಕೊಂಡನೆಂದರೆ ಬೇರೊಬ್ಬ ಮನುಷ್ಯ. ನಮ್ಮ ಪುಟ್ಟ ಚರ್ಚಿನ, ನಮ್ಮ ಮಾತಿನಲ್ಲಿ ದೇವಾಲಯದ, ಗಾಯನ ಮಂಡಳಿಯನ್ನು ಅವನು ಕೈಯಲ್ಲೊಂದು ಸಣ್ಣ ಕೋಲು ಹಿಡಿದು ನಡೆಸುತ್ತಿದ್ದ. ಅದಕ್ಕೆ ಸಂಬಳವಿರಲಿಲ್ಲ, ಹುದ್ದೆಯ ಹೆಸರೂ ಇರಲಿಲ್ಲ. ಬಾಲ್ಯದಲ್ಲಿ ಧಾರವಾಡದ ಬೋರ್ಡಿಂಗ್ ಶಾಲೆಯೊಂದರಲ್ಲಿ ವೃದ್ಧ ಪಾದ್ರಿಯೊಬ್ಬರು ಅವನಿಗೆ ನಾಲ್ಕು ದನಿಗಳಲ್ಲಿ ಹಾಡಿಸುವ ವಿದ್ಯೆಯನ್ನೂ, ಉಕ್ಕಿನದೊಂದು ಶ್ರುತಿಕವೆಯನ್ನೂ ಕೊಟ್ಟಿದ್ದರು. ಎರಡು ಕಾಲಿನ ಆ ಕವೆಯನ್ನು ಮೊಣಕಾಲಿಗೆ ತಟ್ಟಿ ಕಿವಿಯ ಬಳಿ ಹಿಡಿದು, ಹಾಡಿನ ಮೊದಲ ಸ್ವರವನ್ನು ಅದರಿಂದ ಹಿಡಿಯಲು ಅಪ್ಪ ಕಣ್ಣು ಮುಚ್ಚುತ್ತಿದ್ದ. ಅವ್ವ ಅದನ್ನು ಅಪ್ಪನ ಚಿಮಟಿಗೆ ಎಂದು ಕರೆಯುತ್ತಿದ್ದಳು.

ಮಂಡಳಿಯೆಂದರೆ ಹನ್ನೊಂದು ಜನ, ಎಲ್ಲರೂ ಶನಿವಾರ ಸಂಜೆ ಮಗ್ಗದ ಮನೆಯಲ್ಲೇ ಸೇರಬೇಕು. ಜಾಗ ಸಾಲದೆ ಸಾಮುವೇಲ ಕಾಕಾ ಕುಣಿಯೊಳಗೇ ಇಳಿದು ಕೂರುತ್ತಿದ್ದ. ಅವನು ಬಾಗಲಕೋಟೆಯ ದಾರಿಯ ಬಸ್ಸಿನಲ್ಲಿ ಕಂಡಕ್ಟರ್, ನಮ್ಮಲ್ಲಿ ಎಲ್ಲರಿಗಿಂತ ಕೆಳಗಿನ ನಾಲ್ಕನೆಯ ದನಿ, ಮತ್ತು ಅಪ್ಪನನ್ನು ಹಾಸ್ಯ ಮಾಡುವ ಧೈರ್ಯವಿದ್ದ ಏಕೈಕ ವ್ಯಕ್ತಿ.

"ದನಿ ಕೆಳಗಿಂದ ಬರಬೇಕಂತಿ, ಅದಕ್ಕ ಕುಣ್ಯಾಗ ಇಳದೇನಿ ನೋಡಪಾ."

"ಮಾತ ಸಾಕಲೇ ಸಾಮ್ಯಾ. ಕೋಲ ನೋಡು."

"ನೀನೂ ಕಂಡಕ್ಟರ್, ನಾನೂ ಕಂಡಕ್ಟರ್. ನಾ ಸೀಟಿ ಊದಿದ್ರ ಬಸ್ಸರ ನಿಂದರತೈತಿ. ನಿನ್ನ ಕೋಲಿಗಿ ಏನ್ ನಿಂದರತೈತಿ ಹೇಳು?"

ಕೋಲಾಡಿಸಿ ಹಾಡಿಸುವವನಿಗೂ ಇಂಗ್ಲಿಷಿನಲ್ಲಿ ಕಂಡಕ್ಟರ್ ಎನ್ನುತ್ತಾರೆಂದು ಅಪ್ಪನೇ ಒಮ್ಮೆ ಹೇಳಿದ್ದ. ಹೆಂಗಸರು ಸೆರಗನ್ನು ಬಾಯಿಗೆ ಅಡ್ಡ ಹಿಡಿಯುತ್ತಿದ್ದರು. ಅಪ್ಪ ನಗುತ್ತಿರಲಿಲ್ಲ. ಹಾಡಿನ ರಾಗವನ್ನು ಹೊರುವ ಮೊದಲನೆಯ ದನಿಯಲ್ಲಿ ಮೂವರಿದ್ದರು. ಅವರಿಗೆ ಅವ್ವನೇ ಮುಂದಾಳು. ನನ್ನನ್ನು ಏಳನೆಯ ವಯಸ್ಸಿಗೆ ಎರಡನೆಯ ದನಿಗೆ ಸೇರಿಸಲಾಯಿತು. ಅಪ್ಪನಿಗೆ ಎರಡು ಕಟ್ಟುನಿಟ್ಟಿನ ನಿಯಮಗಳಿದ್ದವು. ಮೊದಲನೆಯದು, ಯಾರೂ ತಮ್ಮದಲ್ಲದ ದನಿಯನ್ನು ಹಾಡಬಾರದು, ನೀರು ಸೇದುವಾಗಲೂ ಗುನುಗಬಾರದು. ಹಾಗೆ ಮಾಡಿದವರು ಹಾಡುವ ಹೊತ್ತಿಗೆ ರಾಗದ ಕಡೆಗೆ ಜಾರುತ್ತಾರೆ. ಎರಡನೆಯದನ್ನು ಅವನು ಪ್ರತಿ ಶನಿವಾರ ಹೇಳುತ್ತಿದ್ದ.

"ನೆನಪಿಗಿ ಹಾಡಬ್ಯಾಡ್ರಿ, ಕಾಗದಕ್ಕ ಹಾಡ್ರಿ. ನೆನಪು ಸುಳ್ಳ ಹೇಳತೈತಿ."

ಕಾಗದವೆಂದರೆ ಅವನೇ ಬರೆದುಕೊಟ್ಟ ಪ್ರತಿ. ಸಾಲಿನಲ್ಲಿ ಸ್ವರಗಳ ಅಕ್ಷರಗಳು. ಎರಡೆರಡು ಚುಕ್ಕಿಗಳಿಂದ ವಿಭಾಗವಾದ ಒಂದೊಂದು ಮನೆಯೂ ಒಂದೊಂದು ಎಣಿಕೆ. ಮನೆಯನ್ನು ಖಾಲಿ ಬಿಟ್ಟಿದ್ದರೆ ಆ ಎಣಿಕೆಯಷ್ಟು ಹೊತ್ತು ಮೌನ. ಮುದ್ರಿತ ಪುಸ್ತಕ ಇಡೀ ಸಭೆಗೆ ಒಂದೇ ಇದ್ದುದರಿಂದ, ಹನ್ನೊಂದು ಜನರಿಗೂ ಅಪ್ಪ ಬೇರೆ ಬೇರೆ ಹಾಳೆಗಳಲ್ಲಿ ಅವರವರ ದನಿಯನ್ನಷ್ಟೇ ಬರೆದುಕೊಡುತ್ತಿದ್ದ. ಹೀಗಾಗಿ ನನ್ನ ಬಳಿ ಹತ್ತಾರು ಹಾಡುಗಳಿದ್ದವು, ಒಂದಕ್ಕೂ ರಾಗವಿರಲಿಲ್ಲ. ಎರಡನೆಯ ದನಿಯೆಂಬುದು ಒಂದೆರಡು ಸ್ವರಗಳ ನಡುವೆಯೇ ಸುಳಿದಾಡುವ, ಇನ್ನೊಂದರ ಕೆಳಗೆ ಮಾತ್ರ ಚೆಲುವಾಗುವ ಸಾಲು. ಇದು ನನಗೆ ಗೊತ್ತಾದದ್ದು ಪಕ್ಕದ ಮನೆಯ ಗೌರವ್ವನ ಮೊಮ್ಮಗಳನ್ನು ತೊಟ್ಟಿಲಿಗೆ ಹಾಕಿದ ದಿನ. ಓಣಿಯ ಹೆಂಗಸರೆಲ್ಲ ಒಂದೊಂದು ಹಾಡು ಹೇಳಿದ ಮೇಲೆ ಗೌರವ್ವ ನನ್ನ ಗಲ್ಲ ಹಿಡಿದಳು.

"ಹಾಡೋರ ಮನಿ ಮಗಳ ಐದಿ. ನಿಮ್ಮ ದೇವರದ ಒಂದ ಹಾಡ ಹೇಳ ತಂಗಿ."

ನಾನು ಎದ್ದು ನಿಂತು, ಕೈ ಕಟ್ಟಿಕೊಂಡು, ನನಗೆ ಬರುತ್ತಿದ್ದುದನ್ನು ಶ್ರದ್ಧೆಯಿಂದ ಹಾಡಿದೆ. ನಡುನಡುವೆ ನನ್ನ ಕಾಗದದಲ್ಲಿ ಖಾಲಿ ಮನೆಗಳಿದ್ದಲ್ಲಿ ಸುಮ್ಮನೆ ನಿಂತು ಎಣಿಸಿದೆ. ಮೊದಲ ಮೌನಕ್ಕೆ ಅವರು ಹಾಡು ಮುಗಿಯಿತೆಂದು ತಿಳಿದರು, ಎರಡನೆಯದಕ್ಕೆ ನಾನು ಮರೆತೆನೆಂದು.

"ಯವ್ವಾ, ಇದ್ಯಾವ ಹಾಡ? ಏರೂದಿಲ್ಲ, ಇಳಿಯೂದಿಲ್ಲ. ಕಟ್ಟಿದ ಎಮ್ಮಿ ಗೂಟದ ಸುತ್ತ ತಿರಗಿದಂಗ ಐತಿ!"

ಎಲ್ಲರೂ ನಕ್ಕರು. ಗೌರವ್ವ ಪ್ರೀತಿಯಿಂದಲೇ ಕೈತುಂಬ ಬೇಯಿಸಿದ ಕಾಳಿನ ಗುಗ್ಗರಿ ಹಾಕಿದಳು. ಮನೆಗೆ ಬಂದು ಅವ್ವನಿಗೆ ಹೇಳಿದಾಗ ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಿ, ಪಡಸಾಲೆಯ ಕಡೆ ಒಮ್ಮೆ ನೋಡಿ, ಅಪ್ಪನಿಲ್ಲವೆಂದು ಖಚಿತಪಡಿಸಿಕೊಂಡು, "ಈಗ ಹಾಡು" ಎಂದಳು. ನಾನು ಶುರುಮಾಡಿದೆ. ಅವ್ವ ಬಹಳ ಮೆಲ್ಲಗೆ ಮೇಲಿನ ದನಿಯನ್ನು ನನ್ನ ಮೇಲೆ ಹೊದಿಸಿದಳು. ಗೂಟದ ಸುತ್ತ ತಿರುಗುತ್ತಿದ್ದದ್ದು ಇದ್ದಕ್ಕಿದ್ದಂತೆ ಹಾಡಾಯಿತು. ಮನೆಯಲ್ಲಿ ನಾವಿಬ್ಬರೇ ಹಾಗೆ ಹಾಡಿದ್ದು ಅದೊಂದೇ ಸಲವೆಂದು ಆಗ ಗೊತ್ತಿರಲಿಲ್ಲ. ಅಲ್ಲ, ಇನ್ನೊಂದು ಸಲ ಹಾಡಿದೆವು. ಅದರ ಮಾತು ಕೊನೆಗೆ ಬರುತ್ತದೆ.

ಆ ವರ್ಷದ ಹಬ್ಬಕ್ಕೆ ಮುಂಚೆ ಧಾರವಾಡದಿಂದ ಒಂದು ಕಾಗದ ಬಂತು. ಅಲ್ಲಿಯ ದೊಡ್ಡ ದೇವಾಲಯವೊಂದಕ್ಕೆ ಗಾಯನ ನಡೆಸುವವರು ಬೇಕಾಗಿದ್ದರು: ಸಂಬಳ, ಇರಲು ಮನೆ, ಕಾಲಿನಿಂದ ತುಳಿದು ನುಡಿಸುವ ದೊಡ್ಡ ಆರ್ಗನ್ನು, ನಲವತ್ತು ಜನರ ಮಂಡಳಿ. ಆ ಸಭೆಯ ಹಿರಿಯರೊಬ್ಬರು ಹಬ್ಬಕ್ಕೆಂದು ಹುನಗುಂದದಲ್ಲಿದ್ದ ಮಗಳ ಮನೆಗೆ ಬರುವವರಿದ್ದರು. ಇಳಕಲ್ಲಿಗೆ ಬಂದು ಅಪ್ಪನ ಹಾಡನ್ನು ಕೇಳಿ ಹೋಗುವುದಾಗಿ ಬರೆದಿದ್ದರು. ಅಪ್ಪ ಆ ಕಾಗದವನ್ನು ನಾಲ್ಕು ದಿನ ಅಂಗಿಯ ಜೇಬಿನಲ್ಲಿಟ್ಟುಕೊಂಡು ತಿರುಗಿದ. ಅವನು ಹಿಂದೆಂದೂ ಏನನ್ನಾದರೂ ಬಯಸಿದ್ದನ್ನು ನಾನು ಕಂಡಿರಲಿಲ್ಲ. ಬಯಕೆ ಅವನ ಮುಖಕ್ಕೆ ಒಗ್ಗುತ್ತಲೂ ಇರಲಿಲ್ಲ. ಮಗ್ಗದಲ್ಲಿ ನೂಲು ಹರಿದರೆ ಜಗಳ, ಸಾರಿಗೆ ಉಪ್ಪು ಹೆಚ್ಚಾದರೆ ಜಗಳ. ಸಾಮುವೇಲ ಕಾಕಾ ಅಮೀನಗಡದಲ್ಲಿ ಬಸ್ಸು ನಿಂತಾಗ ಇಳಿದು, ಹಿರಿಯರಿಗೆಂದು ಎರಡು ಪೊಟ್ಟಣ ಕರದಂಟು ತಂದುಕೊಟ್ಟ. ಅವ್ವ ಅದನ್ನು ಇರುವೆ ಹತ್ತದಂತೆ ನೀರಿನ ತಟ್ಟೆಯ ನಡುವೆ ಇಟ್ಟಳು.

ಹಬ್ಬದ ಹಿಂದಿನ ದಿನ ಅಪ್ಪನಿಗೆ ಹೊಸ ಚಿಂತೆ ಹುಟ್ಟಿತು. ಎರಡು ತಿಂಗಳ ಅಭ್ಯಾಸದಲ್ಲಿ ಹಾಳೆಗಳೆಲ್ಲ ಮಾಸಿದ್ದವು. ಅವ್ವನ ಹಾಳೆಯ ಮೇಲಂತೂ ಒಗ್ಗರಣೆಯ ಎಣ್ಣೆ ಬಿದ್ದಿತ್ತು.

"ಹಿರಿಯರ ಮುಂದ ಇಂಥಾ ಹೊಲಸ ಕಾಗದ ಹಿಡೀತೀರೇನು? ಎಲ್ಲಾ ಹೊಸದಾಗಿ ಬರದ ಕೊಡ್ತೇನಿ."

"ಈಗ್ಯಾಕ್ರಿ? ಎಲ್ಲಾರಿಗೂ ಬಾಯಿಲೇ ಬರತೈತಿ," ಎಂದಳು ಅವ್ವ.

"ಬಾಯಿಲೇ ಬರೂದ ಬ್ಯಾಡ. ಕಾಗದಕ್ಕ ಹಾಡ್ರಿ."

ಮಗ್ಗದ ಹಲಗೆಯ ಮೇಲೆ ಕುಳಿತು ಅವನು ಬೆಳಗಿನಿಂದ ಮಧ್ಯಾಹ್ನದವರೆಗೆ ಹನ್ನೊಂದು ಪ್ರತಿ ಬರೆದ. ಎಲ್ಲರಿಗೂ ಕೊಟ್ಟು ಕೊನೆಗೆ ಅವ್ವನದನ್ನು ಬರೆದ. ಮನೆಯವಳದು ಯಾವಾಗಲೂ ಕೊನೆಗೇ.

ಮರುದಿನ ಹಿರಿಯರು ಬಂದು ಮುಂದಿನ ಬೆಂಚಿನಲ್ಲಿ, ಊರುಗೋಲಿನ ಮೇಲೆ ಎರಡೂ ಕೈಯಿಟ್ಟು ಕುಳಿತರು. ನಾವು ಆರಿಸಿಕೊಂಡ ಹಾಡಿನ ಮೂರನೆಯ ನುಡಿಯಲ್ಲಿ ಒಂದು ವಿಶೇಷವಿತ್ತು. ಎಲ್ಲ ದನಿಗಳೂ ಒಮ್ಮೆಲೇ ನಿಲ್ಲಬೇಕು. ಮೂರು ಎಣಿಕೆ ಪೂರ್ಣ ಮೌನ. ಆಮೇಲೆ ಮೊದಲನೆಯ ದನಿಯೊಂದೇ ಮೇಲಿನಿಂದ ಇಳಿದು ಬರಬೇಕು. ಅಪ್ಪ ಇಡೀ ಹಾಡನ್ನು ಆ ಮೌನಕ್ಕಾಗಿಯೇ ಆರಿಸಿದ್ದ. ನಾವು ನಿಂತೆವು. ಒಂದು. ಎರಡು. ಅವ್ವನ ದನಿ ಬಂತು. ಉಳಿದಿಬ್ಬರು ತಮ್ಮ ಹಾಳೆಯನ್ನೂ ಅವ್ವನ ಮುಖವನ್ನೂ ನೋಡಿ ಬಾಯಿ ತೆರೆದು ಮುಚ್ಚಿದರು. ಒಂದು ಎಣಿಕೆಯ ಹೆಚ್ಚುಕಡಿಮೆ. ಸಭೆಯಲ್ಲಿ ಯಾರಿಗೂ ತಿಳಿಯುತ್ತಿರಲಿಲ್ಲ. ಅಪ್ಪ ಮುಂದೆ ಸಾಗಬಹುದಿತ್ತು. ಅವನು ಕೋಲಿನಿಂದ ಮೇಜು ಕುಟ್ಟಿ ಹಾಡನ್ನು ನಿಲ್ಲಿಸಿದ.

"ಸುಗಂಧಿ, ಮೂರು. ಎಣಸಾಕ ಬರೂದಿಲ್ಲೇನು?"

ನಾಲ್ಕು ಜನರ ನಡುವೆ ಅಪ್ಪ ಅವ್ವನ ಹೆಸರು ಹಿಡಿದು ಕರೆದದ್ದನ್ನು ನಾನು ಕೇಳಿದ್ದು ಅದೇ ಮೊದಲು. ಮೂರನೆಯ ನುಡಿಯನ್ನು ಮತ್ತೆ ಆರಂಭಿಸಿದೆವು. ಮೌನ ಮೂರು ಎಣಿಕೆಯಷ್ಟೇ ಇತ್ತು, ಆದರೆ ಇಳಿದು ಬಂದದ್ದು ಎರಡು ನಡುಗುವ ದನಿಗಳು ಮಾತ್ರ. ಅವ್ವ ಹಾಳೆಯನ್ನು ಎದೆಯ ಮಟ್ಟದಲ್ಲಿ ಹಿಡಿದು, ಅದನ್ನೇ ನೋಡುತ್ತ, ತುಟಿ ಮುಚ್ಚಿ ನಿಂತಿದ್ದಳು.

ಹಿರಿಯರು ನಮ್ಮಲ್ಲಿಯೇ ಉಂಡರು. ರೊಟ್ಟಿ, ಎಣಗಾಯಿ, ಹಬ್ಬದ ಮಾಂಸದ ಸಾರು, ಎಲ್ಲವನ್ನೂ ಸಾವಕಾಶವಾಗಿ ತಿಂದರು. ಅಪ್ಪ ಎದುರಿಗೆ ಕುಳಿತು ಅವರ ಬಾಯಿಯನ್ನೇ ನೋಡುತ್ತಿದ್ದ. ಕೈ ತೊಳೆದ ಮೇಲೆ ಅವರು ಕರದಂಟನ್ನು ಮುರಿದು ಬಾಯಿಗೆ ಹಾಕಿಕೊಂಡರು.

"ಕರದಂಟ ಭಾಳ ಛಲೋ ಐತ್ರಿ. ಅಮೀನಗಡದ್ದಲ್ಲ?"

"ಹೌದ್ರಿ," ಎಂದ ಅಪ್ಪ.

ಹಾಡಿನ ಮಾತನ್ನು ಅವರು ಎತ್ತಲಿಲ್ಲ. ಉಳಿದ ಪೊಟ್ಟಣವನ್ನು ಮೊಮ್ಮಕ್ಕಳಿಗೆಂದು ಕೊಂಡೊಯ್ದರು. ಧಾರವಾಡದಿಂದ ಮತ್ತೆ ಕಾಗದ ಬರಲಿಲ್ಲ. ಅವರು ತಿರಸ್ಕರಿಸಿದ್ದು ಅವ್ವನ ತಪ್ಪಿಗೋ, ಹಾಡು ನಿಲ್ಲಿಸಿದ ಅಪ್ಪನ ಸಿಟ್ಟಿಗೋ, ಅಥವಾ ಬೇರೆ ಯಾರನ್ನೋ ಮೊದಲೇ ಗೊತ್ತುಮಾಡಿದ್ದರೋ ಎಂಬುದಕ್ಕೆ ನನ್ನ ಬಳಿ ಯಾವ ಆಧಾರವೂ ಇಲ್ಲ. ಅಪ್ಪನಿಗೆ ಮಾತ್ರ ಅಂದು ಸಂಶಯವಿರಲಿಲ್ಲ. ಅವರನ್ನು ಬಸ್ಸು ಹತ್ತಿಸಿ ಬಂದವನು ಅಡುಗೆಮನೆಯ ಬಾಗಿಲಲ್ಲಿ ನಿಂತ. ಅವ್ವ ತಾಟು ಬೆಳಗುತ್ತಿದ್ದಳು.

"ಹದಿನೆಂಟ ವರ್ಷದ ಕೆಲಸ. ಒಂದ ಎಣಿಕಿಗಿ ನೀರಾಗ ಹಾಕಿದಿ."

"ನೋಡ್ರಿ, ಆ ಕಾಗದದಾಗ…"

"ನಾ ಬರದ ಕಾಗದ ತಪ್ಪೂದಿಲ್ಲ."

ಅವ್ವ ತಲೆಯೆತ್ತಿ ಅವನನ್ನು ನೋಡಿದಳು. ಹಾಳೆ ಅವಳ ಮಗ್ಗುಲಲ್ಲಿ, ಬೈಬಲ್ಲಿನೊಳಗೆ ಇತ್ತು; ಕೈ ಚಾಚಿದರೆ ಸಿಗುತ್ತಿತ್ತು. ಅವಳು ಮತ್ತೊಂದು ತಾಟು ತೆಗೆದುಕೊಂಡು ಬೂದಿ ಹಚ್ಚಿದಳು. ನಾನು ಇಬ್ಬರ ನಡುವೆ ಹೊಸ್ತಿಲ ಮೇಲೆ ಕುಳಿತಿದ್ದೆ. ಹನ್ನೆರಡು ವರ್ಷದವಳು. ಮಾತು ಅರ್ಧಕ್ಕೆ ನಿಂತದ್ದು ಕೇಳಿಸಿತು. ಉಳಿದರ್ಧವನ್ನು ನಾನು ಕೇಳಲಿಲ್ಲ.

ಮುಂದಿನ ಭಾನುವಾರ ಅವ್ವ ದೇವಾಲಯದ ಕೊನೆಯ ಸಾಲಿನ ಚಾಪೆಯ ಮೇಲೆ, ಮುದುಕಿಯರ ಜೊತೆ ಕುಳಿತಳು. ಅಂದಿನಿಂದ ಅವಳು ಹಾಡಲಿಲ್ಲ. ಸಭೆಯೆಲ್ಲ ಸೇರಿ ಹಾಡುವ ಕೀರ್ತನೆಗಳಿಗೂ ತುಟಿ ತೆರೆಯಲಿಲ್ಲ. ಶನಿವಾರ ಸಂಜೆ ಅಭ್ಯಾಸಕ್ಕೆ ಬಂದವರಿಗೆ ಚಹಾ ಕೊಟ್ಟು ಹಿತ್ತಿಲಿಗೆ ಹೋಗುತ್ತಿದ್ದಳು. ಮನೆಯಲ್ಲಿ ಜಗಳಗಳೂ ನಿಂತುಹೋದವು. ಉಪ್ಪು ಹೆಚ್ಚಾದರೂ ಅಪ್ಪ ಸುಮ್ಮನೆ ಉಣ್ಣುತ್ತಿದ್ದ. ಆ ವರ್ಷಗಳ ಮನೆಯನ್ನು ನೆನೆದರೆ ನನಗೆ ಕೇಳಿಸುವುದು ಮಗ್ಗದ ಸಪ್ಪಳ ಮತ್ತು ರೊಟ್ಟಿಯ ಸಪ್ಪಳ, ಒಂದು ಮುಂದಿನ ಅಂಕಣದಿಂದ, ಒಂದು ಹಿಂದಿನದರಿಂದ. ನಡುವಿನ ಪಡಸಾಲೆಯಲ್ಲಿ ನಾನು ಓದುತ್ತ ಕುಳಿತಿರುತ್ತಿದ್ದೆ. ಎರಡೂ ಕಡೆಯಿಂದ ಯಾರೂ ನನ್ನನ್ನು ಕರೆಯುತ್ತಿರಲಿಲ್ಲ.

ಅಪ್ಪ ಕರೆಯುತ್ತಿದ್ದದ್ದು ಶುಕ್ರವಾರ ಸಂಜೆಗೆ ಮಾತ್ರ. ಅವನು ಬರೆದ ಪ್ರತಿಗಳನ್ನು ಮುದ್ರಿತ ಪುಸ್ತಕದೊಡನೆ ನಾವಿಬ್ಬರೂ ತಾಳೆ ನೋಡುತ್ತಿದ್ದೆವು. ಅವನು ಪುಸ್ತಕ ಹಿಡಿದು ಒಂದೊಂದೇ ಮನೆಯನ್ನು ಗಟ್ಟಿಯಾಗಿ ಓದಬೇಕು, ನಾನು ಹಾಳೆಯ ಮೇಲೆ ಬೆರಳಿಡುತ್ತ ಸಾಗಬೇಕು.

"ಖಾಲಿ ಮನಿ. ಖಾಲಿ ಮನಿ. ಖಾಲಿ ಮನಿ. ಎಷ್ಟಾದುವು?"

"ಮೂರು, ಅಪ್ಪಾ."

"ಬೆರಳ ಇಟ್ಟ ಎಣಸಿದೇನು?"

"ಹೂಂ."

"ಇನ್ನೊಮ್ಮೆ ಎಣಸು."

ಸರಿಯಿದ್ದರೆ ಹಾಳೆಯ ಕೆಳಗೆ ನಾನು ಒಂದು ಗೀಟು ಎಳೆದು ನನ್ನ ಹೆಸರಿನ ಮೊದಲಕ್ಷರ ಬರೆಯಬೇಕು. ಮುಂದೆ ಧಾರವಾಡದಲ್ಲಿ ಹಸ್ತಪ್ರತಿಗಳ ಅಧ್ಯಯನಕ್ಕೆ ಸೇರಿದಾಗ, ಪ್ರತಿಯನ್ನು ಅದರ ಮೂಲವಾದ ಮಾತೃಕೆಯೊಡನೆ ಹೋಲಿಸುವ ವಿಧಾನವನ್ನು ಅಧ್ಯಾಪಕರು ವಿವರಿಸುತ್ತಿದ್ದರೆ ನನಗೆ ನಗು ಬಂದಿತ್ತು. ಅದು ನನ್ನ ಶುಕ್ರವಾರ ಸಂಜೆಯಾಗಿತ್ತು.

ಮಂಡಳಿ ಕರಗುತ್ತ ಬಂತು. ಮೊದಲನೆಯ ದನಿಯ ಒಬ್ಬಳು ಮದುವೆಯಾಗಿ ಸೊಲ್ಲಾಪುರಕ್ಕೆ ಹೋದಳು, ಇನ್ನೊಬ್ಬಳ ಗಂಡನಿಗೆ ವರ್ಗವಾಯಿತು. ಮತ್ತೆ ಕೆಲವರು ಕೆಲಸ ಹುಡುಕಿ ಹೋದರು. ನಾನು ಧಾರವಾಡಕ್ಕೆ ಹೊರಡುವ ಹೊತ್ತಿಗೆ ನಾಲ್ವರು ಉಳಿದಿದ್ದೆವು, ರಾಗ ಹಾಡುವವರು ಒಬ್ಬರೂ ಇರಲಿಲ್ಲ. ಆದರೂ ಅಪ್ಪ ಕೋಲೆತ್ತುತ್ತಿದ್ದ. ಎರಡನೆಯ, ಮೂರನೆಯ, ನಾಲ್ಕನೆಯ ದನಿಗಳು ಮೇಲ್ಛಾವಣಿಯಿಲ್ಲದ ಗೋಡೆಗಳಂತೆ ನಿಲ್ಲುತ್ತಿದ್ದವು. ಬೇರೆ ಯಾರಿಗಾದರೂ ಮೊದಲನೆಯ ದನಿ ಕಲಿಸೆಂದು ಸಾಮುವೇಲ ಕಾಕಾ ಎಷ್ಟೋ ಸಲ ಹೇಳಿದ. "ಅದು ಐತಿ," ಎಂದಷ್ಟೇ ಅಪ್ಪ ಉತ್ತರಿಸುತ್ತಿದ್ದ. ಎಲ್ಲಿದೆಯೆಂದು ಹೇಳುತ್ತಿರಲಿಲ್ಲ. ಹಾಡಿಸುವಾಗ ಮಾತ್ರ, ರಾಗ ಬರಬೇಕಾದಲ್ಲಿ, ಅವನ ಎಡಗೈ ಕೊನೆಯ ಸಾಲಿನ ಚಾಪೆಯ ಕಡೆಗೆ ತಾನಾಗಿ ತೆರೆದುಕೊಳ್ಳುತ್ತಿತ್ತು.

ಎಂಬತ್ತರ ದಶಕದ ಕೊನೆಯ ಭಾಗದಲ್ಲಿ, ನನ್ನ ಸಂಶೋಧನೆಯ ಎರಡನೆಯ ವರ್ಷ, ಅಪ್ಪ ತೀರಿಕೊಂಡ. ಮಣ್ಣು ಮಾಡುವಾಗ ನಾಲ್ಕಾರು ಜನ ಹಾಡಿದರು, ಅವ್ವ ಹಾಡಲಿಲ್ಲ. ಮೂರನೆಯ ದಿನ ಮಧ್ಯಾಹ್ನ ನಾನು ಮಗ್ಗದ ಮನೆಯಲ್ಲಿ ಕುಳಿತು ಅವನ ಟ್ರಂಕು ತೆಗೆದೆ. ಪ್ರತಿಗಳೆಲ್ಲ ಅದರಲ್ಲಿದ್ದವು, ಪ್ರತಿಯೊಂದರ ಮೂಲೆಯಲ್ಲೂ ಬರೆದ ದಿನದ ತಾರೀಖು. ಅಭ್ಯಾಸಬಲದಿಂದ ಅವನ್ನು ಕಾಲಕ್ರಮದಲ್ಲಿ ಜೋಡಿಸತೊಡಗಿದೆ. ಅಕ್ಷರ ಕಲಿತಂದಿನಿಂದಲೂ ನಾನು ಅಪ್ಪನೊಡನೆ ತಾಳೆ ನೋಡುತ್ತಿದ್ದೆನೆಂದು ನನ್ನ ನೆನಪು ಹೇಳುತ್ತಿತ್ತು. ಹಾಳೆಗಳು ಬೇರೆಯದನ್ನು ಹೇಳಿದವು. ನನ್ನ ಗೀಟು ಮೊದಲು ಕಾಣಿಸಿದ್ದು ಆ ಕ್ರಿಸ್ಮಸ್ಸಿನ ಮರುವರ್ಷದ ಈಸ್ಟರ್ ಹಾಡಿನ ಕೆಳಗೆ. ಅದಕ್ಕಿಂತ ಹಿಂದಿನ ಒಂದು ಹಾಳೆಯಲ್ಲೂ ಇರಲಿಲ್ಲ. ಆ ಹಬ್ಬದ ಹಿಂದಿನ ದಿನದ ತಾರೀಖಿನವು ಹತ್ತು ಪ್ರತಿಗಳಿದ್ದವು. ಹನ್ನೊಂದನೆಯದು, ಅವ್ವನದು, ಇರಲಿಲ್ಲ.

ಅಡುಗೆಮನೆಗೆ ಹೋಗಿ ಕೇಳಿದೆ. ಅವ್ವ ಬೈಬಲ್ಲಿನಿಂದ ಹಾಳೆ ತೆಗೆದುಕೊಟ್ಟಳು. ಮಡಿಕೆಗಳಲ್ಲಿ ಅದು ಬಟ್ಟೆಯಷ್ಟು ಮೆತ್ತಗಾಗಿತ್ತು. ಮುದ್ರಿತ ಪುಸ್ತಕವನ್ನು ಪಕ್ಕದಲ್ಲಿ ತೆರೆದಿಟ್ಟು, ಹಾಳೆಯ ಮೂರನೆಯ ನುಡಿಯ ಮೇಲೆ ಬೆರಳಿಟ್ಟು ಎಣಿಸಿದೆ. ಖಾಲಿ ಮನೆಗಳು ಎರಡೇ ಇದ್ದವು. ಇನ್ನೊಮ್ಮೆ ಎಣಿಸಿದೆ.

"ಅವ್ವಾ, ಒಂದ ಮನಿ ಬಿಟ್ಟಾನ ಅಪ್ಪ. ನೀ ಬರದಂಗ ಹಾಡೀದಿ."

"ನಂಗ ಗೊತ್ತೈತಿ."

"ಯಾವಾಗಿಂದ?"

"ಅವತ್ತಿಂದ. ಮೂರ ಅಂತ ಬಾಯಿಗಿ ಬರತಿತ್ತು. ಕಾಗದದಾಗ ಎರಡ ಇದ್ದುವು. ಕಡೀಕ ಬದಲಿ ಮಾಡ್ಯಾರ ಅಂತ ತಿಳದ್ನಿ. ಕಾಗದಕ್ಕ ಹಾಡ್ರಿ ಅಂದವರು ಅವರ."

"ತೋರಸಬಾರದಿತ್ತೇನು?"

"ಯಾರಿಗಿ? ಧಾರವಾಡದವರಿಗಿ ತೋರಸಿದ್ರ ನಿಮ್ಮಪ್ಪನ ಮಾನ ಹೋಗತಿತ್ತು. ಅವರಿಗಿ ತೋರಸಾಕ ಹೋದ್ರ ನನ್ನ ಮಾತ ಮುಗಸಾಕ ಬಿಡಲಿಲ್ಲ."

ನಾನು ಹಾಳೆಯನ್ನು ಹಳೆಯ ಮಡಿಕೆಗಳಲ್ಲೇ ಮಡಚಿದೆ.

"ಆಮ್ಯಾಲರ ಅಪ್ಪಗ ಗೊತ್ತಾತೇನವ್ವಾ?"

"ಎಂಟ್ಹತ್ತ ವರ್ಷ ನೀವಿಬ್ರೂ ಹೊರಗ ಕುಂತ ಖಾಲಿ ಮನಿ ಎಣಸೂದನ್ನ ನಾ ಒಳಗ ಕುಂತ ಕೇಳೇನಿ. ಬ್ಯಾರೆ ಏನ ಹೇಳಬೇಕಿತ್ತ ಅವರು?"

"ಹಂಗಾದ್ರ ನೀ ಯಾಕ ಹಾಡಲಿಲ್ಲ?"

ಅವ್ವ ಒಲೆಯ ಬೂದಿಯನ್ನು ಕೆದಕಿದಳು.

"ಹಾಡು ಅಂತ ಅವರು ಕೇಳಲಿಲ್ಲ. ಕೇಳಲಾರದ ನಾ ಹಾಡಲಿಲ್ಲ."

ಅಪ್ಪನಿಗೆ ಅದು ಹೇಗೆ ತಿಳಿಯಿತು, ಅಕಸ್ಮಾತ್ತಾಗಿ ಅವನೇ ಎಂದಾದರೂ ಆ ಬೈಬಲ್ಲನ್ನು ತೆರೆದನೇ ಎಂಬುದನ್ನು ನಾನು ಊಹಿಸಿ ಬರೆಯಲಾರೆ. ಈಸ್ಟರಿನ ಗೀಟಿಗಿಂತ ಮುಂಚೆ ತಿಳಿದಿತ್ತೆಂಬುದಷ್ಟೇ ಸ್ಥಾಪಿತವಾಗುವ ಸಂಗತಿ. ಅವನು ತಪ್ಪನ್ನು ಅವ್ವನ ಬಳಿ ಒಪ್ಪಿಕೊಳ್ಳುವ ಬದಲು ನನಗೊಂದು ವಿದ್ಯೆಯನ್ನು ಕಲಿಸಿದ. ನನ್ನ ಇಡೀ ಜೀವನ ಆ ವಿದ್ಯೆಯ ಮೇಲೆ ನಿಂತಿದೆ.

ಅವ್ವ ಕೈ ಒರೆಸಿಕೊಂಡು ಮಗ್ಗದ ಮನೆಗೆ ಬಂದಳು. ಕುಣಿಯ ಅಂಚಿನಲ್ಲಿ, ಅಪ್ಪ ಕೂರುತ್ತಿದ್ದಲ್ಲೇ, ಕಾಲು ಇಳಿಬಿಟ್ಟು ಕುಳಿತಳು. ಟ್ರಂಕಿನಲ್ಲಿದ್ದ ಶ್ರುತಿಕವೆಯನ್ನು ಎತ್ತಿ ಮೊಣಕಾಲಿಗೆ ತಟ್ಟಿ ಕಿವಿಯ ಬಳಿ ಹಿಡಿದಳು. ಅದನ್ನು ಅವಳು ಮುಟ್ಟಿದ್ದನ್ನು ನಾನು ನೋಡಿರಲಿಲ್ಲ.

"ನಿನ್ನ ದನಿ ಹಾಡು," ಎಂದಳು.

ನಾನು ಹಾಡಿದೆ. ಅವಳ ದನಿ ಒಡೆದಿತ್ತು, ಮೇಲಿನ ಸ್ವರಗಳಿಗೆ ಏದುಸಿರು ಬಿಡುತ್ತಿದ್ದಳು, ಆದರೂ ರಾಗ ಇತ್ತು; ತೊಟ್ಟಿಲಿನ ದಿನದಂತೆ ಅದು ನನ್ನ ಸಾಲಿನ ಮೇಲೆ ಬಂದು ಕೂತಿತು. ಮೊದಲನೆಯ ನುಡಿ ಮುಗಿಯಿತು, ಎರಡನೆಯದೂ ಮುಗಿಯಿತು. ಮೂರನೆಯದರ ನಡುವೆ ಇಬ್ಬರೂ ಒಮ್ಮೆಲೇ ನಿಂತೆವು. ಹಾಳೆ ನನ್ನ ಬಳಿ ಇತ್ತು. ಅವ್ವನ ಕಣ್ಣುಗಳು ಮುಚ್ಚಿದ್ದವು. ನಾನು ಮನಸ್ಸಿನಲ್ಲೇ ಎಣಿಸಿದೆ. ಒಂದು. ಎರಡು.

ಅವ್ವ ಬಂದಳು, ಅಪ್ಪ ಬರೆದುಕೊಟ್ಟಿದ್ದಂತೆ. ನಾನು ಹಾಡನ್ನು ನಿಲ್ಲಿಸಲಿಲ್ಲ.